ಬ್ರೇಕಿನ ಕೊಳವೆಯಲ್ಲಿ ಪಾಸ್ಕಲ್

ಮಕ್ಕಳೇ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ದಿನ ನನ್ನ ಹಳೆಯ ಕಾರಿನ ಬ್ರೇಕು ಕೈಕೊಟ್ಟಿತು. ಎದುರಿಗೆ ಕಬ್ಬು ತುಂಬಿದ ಎತ್ತಿನಗಾಡಿ. ಪೆಡಲ್ ತುಳಿದರೆ ಅದು ಹತ್ತಿಯ ದಿಂಬಿನಂತೆ ಮೆತ್ತಗೆ ತಳದವರೆಗೂ ಇಳಿದುಹೋಯಿತು. ಎರಡು ಮೂರು ಸಲ ಬೇಗ ಬೇಗ ತುಳಿದ ಮೇಲೆ ಕಾರು ಹೇಗೋ ನಿಂತಿತು. ಹತ್ತಿರದ ಗ್ಯಾರೇಜಿನಿಂದ ಬಂದ ಮೆಕ್ಯಾನಿಕ್ ಪೆಡಲನ್ನು ಒಮ್ಮೆ ಒತ್ತಿ ನೋಡಿ, ಲೈನಿನಲ್ಲಿ ಗಾಳಿ ಸೇರಿದೆ, ಏರ್ ತೆಗೆಯಬೇಕು ಎಂದರು. ಪಾಸ್ಕಲ್ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಆ ಹೆಸರಿನವನು 350 ವರ್ಷಗಳಿಗೂ ಹಿಂದೆ ಕಂಡುಕೊಂಡದ್ದನ್ನು ಅವರ ಕೈಗಳು ಚೆನ್ನಾಗಿ ಬಲ್ಲವು.

ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಫ್ರಾನ್ಸ್ ದೇಶದ ಕ್ಲೆರ್ಮಾಂಟ್ ಪಟ್ಟಣದಲ್ಲಿ ಹುಟ್ಟಿದನು. ಮೂರು ವರ್ಷದವನಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಎತಿಯೆನ್ ಸರ್ಕಾರಿ ಅಧಿಕಾರಿ, ಗಣಿತ ಬಲ್ಲವನು. ಅವನು ಮಗನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸಿದನು. ಮೊದಲು ಭಾಷೆಗಳನ್ನು ಕಲಿಯಲಿ ಎಂದು ಗಣಿತದ ಪುಸ್ತಕಗಳನ್ನು ಬಚ್ಚಿಟ್ಟನಂತೆ. ಬಚ್ಚಿಟ್ಟದ್ದರ ಮೇಲೆಯೇ ಮಕ್ಕಳ ಕಣ್ಣು ತಾನೇ! ಹನ್ನೆರಡರ ಹುಡುಗ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆಯುತ್ತಾ ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ ಎಂಬುದನ್ನು ತಾನಾಗಿಯೇ ಕಂಡುಕೊಂಡನೆಂದು ಅಕ್ಕ ಗಿಲ್ಬರ್ಟ್ ಮುಂದೆ ಬರೆದ ಜೀವನಚರಿತ್ರೆಯಲ್ಲಿ ಇದೆ.

ತಂದೆಗೆ ರೂಆನ್ ನಗರದಲ್ಲಿ ತೆರಿಗೆಯ ಕೆಲಸ ಸಿಕ್ಕಿತು. ರಾತ್ರಿಯೆಲ್ಲಾ ಕೂಡುವುದು, ಕಳೆಯುವುದು. ಅದನ್ನು ನೋಡಲಾರದೆ ಪಾಸ್ಕಲ್ 1642ರಲ್ಲಿ, ತನ್ನ 19ನೇ ವಯಸ್ಸಿನಲ್ಲಿ, ಹಲ್ಲುಚಕ್ರಗಳ ಲೆಕ್ಕದ ಯಂತ್ರವನ್ನು ಮಾಡಲು ತೊಡಗಿದನು. ಒಪ್ಪಿಗೆಯಾಗುವ ಹೊತ್ತಿಗೆ ಸುಮಾರು 50 ಮಾದರಿಗಳು ಆಗಿದ್ದವು. ಯಂತ್ರ ದುಬಾರಿ, ಆದ್ದರಿಂದ ಮಾರಾಟವಾದದ್ದು ಕಡಿಮೆ.

ಆ ಕಾಲದಲ್ಲಿ ದೊಡ್ಡ ಚರ್ಚೆಯೊಂದು ನಡೆದಿತ್ತು. ಇಟಲಿಯ ಟಾರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ ಪಾದರಸ ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಂತಿತ್ತು. ಅದನ್ನು ಹಿಡಿದು ನಿಲ್ಲಿಸಿರುವುದು ಹೊರಗಿನ ಗಾಳಿಯ ಭಾರವೇ? ಹಾಗಿದ್ದರೆ ಬೆಟ್ಟದ ಮೇಲೆ, ಗಾಳಿ ಕಡಿಮೆ ಇರುವಲ್ಲಿ, ಪಾದರಸ ಇಳಿಯಬೇಕು ಎಂದು ಪಾಸ್ಕಲ್ ಯೋಚಿಸಿದನು. ಅವನ ಆರೋಗ್ಯ ಸರಿಯಿರಲಿಲ್ಲ. ಕ್ಲೆರ್ಮಾಂಟ್‌ನಲ್ಲಿದ್ದ ಭಾವ ಪೆರಿಯೆಗೆ ಕಾಗದ ಬರೆದನು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಕೊಳವೆ ಹೊತ್ತು ಪುಯ್ ದ ದೋಮ್ ಬೆಟ್ಟ ಹತ್ತಿದನು. ಅದು ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದಷ್ಟು ಎತ್ತರ. ತುದಿಯಲ್ಲಿ ಪಾದರಸ ಸುಮಾರು 8 ಸೆಂ.ಮೀ. ಇಳಿದಿತ್ತು! ಕೆಳಗೆ ಊರಿನಲ್ಲಿ ಇನ್ನೊಂದು ಕೊಳವೆಯನ್ನು ಇಟ್ಟು, ದಿನವಿಡೀ ನೋಡುತ್ತಿರಲು ಒಬ್ಬ ಪಾದ್ರಿಯನ್ನು ಕೂರಿಸಿದ್ದರು. ಅದು ಕದಲಲಿಲ್ಲ. ಪ್ರಯೋಗ ಮಾಡುವಾಗ ಹೋಲಿಕೆಗೆ ಇನ್ನೊಂದು ಜೋಡಣೆ ಏಕೆ ಬೇಕು ಎಂದು ತರಗತಿಯಲ್ಲಿ ಕೇಳುವವರಿಗೆ ನಾನು ಈ ಪಾದ್ರಿಯ ಕಥೆಯನ್ನೇ ಹೇಳುತ್ತೇನೆ.

ಗಾಳಿಯ ನಂತರ ದ್ರವ. ದ್ರವದ ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಪಾತ್ರೆ ಸಪೂರವೋ ಅಗಲವೋ ಎಂಬುದು ಲೆಕ್ಕಕ್ಕಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ಎತ್ತರದಿಂದ ಕೊಳವೆಗಳಲ್ಲಿ ನೀರು ಇಳಿಸಿದ್ದು ಈ ಒತ್ತಡಕ್ಕಾಗಿಯೇ. ಎರಡನೆಯ ಮಾತು ಇನ್ನೂ ಮುಖ್ಯ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದೇ ಪಾಸ್ಕಲ್ ನಿಯಮ. ಸಣ್ಣ ಪಿಸ್ಟನ್ 2 ಚ.ಸೆಂ.ಮೀ., ದೊಡ್ಡದು 8 ಚ.ಸೆಂ.ಮೀ. ಎಂದುಕೊಳ್ಳಿ. ಸಣ್ಣದನ್ನು 10 ಕೆ.ಜಿ. ಭಾರದಷ್ಟು ಒತ್ತಿದರೆ ದೊಡ್ಡದು 40 ಕೆ.ಜಿ. ಭಾರದಷ್ಟು ತಳ್ಳುತ್ತದೆ. ಆದರೆ ಇದು ಪುಕ್ಕಟೆಯಲ್ಲ. ಸಣ್ಣದು 4 ಸೆಂ.ಮೀ. ಸರಿದರೆ ದೊಡ್ಡದು ಸರಿಯುವುದು 1 ಸೆಂ.ಮೀ. ಮಾತ್ರ. ಈ ಲೆಕ್ಕವನ್ನೂ ಪಾಸ್ಕಲ್ ಬರೆದಿಟ್ಟಿದ್ದನು.

ಕಾರಿನ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಸಣ್ಣ ಪಿಸ್ಟನ್. ಅಲ್ಲಿಂದ ಚಕ್ರಗಳವರೆಗೆ ಕೊಳವೆಯ ತುಂಬಾ ಬ್ರೇಕ್ ಆಯಿಲ್. ದ್ರವ ಕುಗ್ಗುವುದಿಲ್ಲವೆಂದೇ ಹೇಳಬಹುದು. ಕಾಲಿನ ಒತ್ತಡ ಹಾಗೆಯೇ ಚಕ್ರಕ್ಕೆ ಮುಟ್ಟುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ? ಗಾಳಿ ಕುಗ್ಗುತ್ತದೆ. ಅರ್ಧ ಉಬ್ಬಿದ ಚೆಂಡನ್ನು ಬೆಟ್ಟಕ್ಕೆ ಒಯ್ದರೆ ಅದು ಉಬ್ಬುತ್ತದೆ, ಕೆಳಗೆ ತಂದರೆ ಕುಗ್ಗುತ್ತದೆ ಎಂದು ಬರೆದವನೂ ಪಾಸ್ಕಲನೇ. ನಾನು ತುಳಿದ ತುಳಿತವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದಿತ್ತು.

ಆ ದಿನ ಒಂದು ಚಕ್ರದ ಬಳಿ ಸೀಲ್ ಸೋರಿ ಆಯಿಲ್ ಡಬ್ಬಿ ಬರಿದಾಗಿತ್ತು. ನೋಡದೆ ಬಿಟ್ಟದ್ದು ನನ್ನದೇ ತಪ್ಪು. ಮೆಕ್ಯಾನಿಕ್ ಸೀಲ್ ಬದಲಿಸಿ, ಡಬ್ಬಿಗೆ ಹೊಸ ಆಯಿಲ್ ತುಂಬಿ, ನನ್ನನ್ನು ಪೆಡಲ್ ತುಳಿಯಲು ಕೂರಿಸಿದರು. ಪೆಡಲಿಗೆ ಬಹು ದೂರದ ಚಕ್ರದಿಂದ ಆರಂಭ (ಎಲ್ಲ ಕಾರುಗಳಲ್ಲೂ ಇದೇ ಕ್ರಮವಲ್ಲ). ನಾನು ತುಳಿದು ಹಿಡಿದುಕೊಳ್ಳಬೇಕು. ಅವರು ಸ್ಪ್ಯಾನರಿನಿಂದ ನಿಪ್ಪಲ್ ಸಡಿಲಿಸುತ್ತಾರೆ. ಪಾರದರ್ಶಕ ಟ್ಯೂಬಿನ ಮೂಲಕ ಗುಳ್ಳೆ ಸಮೇತ ಆಯಿಲ್ ಬಾಟಲಿಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ನಾನು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ! ಗುಳ್ಳೆ ನಿಲ್ಲುವವರೆಗೂ ಹೀಗೆಯೇ. ನಡುನಡುವೆ ಡಬ್ಬಿಗೆ ಆಯಿಲ್ ತುಂಬುತ್ತಿರಬೇಕು. ಹೊರಬಂದ ಹಳೆಯ ಆಯಿಲನ್ನು ಮತ್ತೆ ಹಾಕುವಂತಿಲ್ಲ. ಆಯಿಲಿನಿಂದ ನಡೆಯುವ ಕ್ಲಚ್ಚಿಗೂ ಇದೇ ವಿಧಾನ, ಅಲ್ಲಿ ಸಾಮಾನ್ಯವಾಗಿ ಒಂದೇ ನಿಪ್ಪಲ್. ಕೊನೆಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. (ದೊಡ್ಡ ಬಸ್ಸು, ಲಾರಿಗಳ ಬ್ರೇಕು ಬೇರೆ. ಅಲ್ಲಿ ಗಾಳಿಯನ್ನೇ ಒತ್ತಿ ತುಂಬಿ ದುಡಿಸುತ್ತಾರೆ. ಮಂಡ್ಯದ ಬಸ್ ನಿಲ್ದಾಣದಲ್ಲಿ ನೀವು ಕೇಳುವ ಬುಸ್ ಎಂಬ ಸದ್ದು ಅದರದೇ.)

ಪಾಸ್ಕಲ್ 1654ರಲ್ಲಿ ಫರ್ಮಾ ಎಂಬ ಗಣಿತಜ್ಞನೊಂದಿಗೆ ಪತ್ರ ಬರೆದುಕೊಳ್ಳುತ್ತಾ ಸಂಭವನೀಯತೆಯ ಗಣಿತಕ್ಕೆ ಅಡಿಪಾಯ ಹಾಕಿದನು. ಅದೇ ವರ್ಷದ ಕೊನೆಗೆ ಅವನ ಮನಸ್ಸು ಧರ್ಮಚಿಂತನೆಯ ಕಡೆ ತಿರುಗಿತು. ಕಾಯಿಲೆ ಬಿಡಲಿಲ್ಲ. ಆದರೂ 1662ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ನಿಗದಿತ ದಾರಿಯಲ್ಲಿ, ನಿಗದಿತ ದರಕ್ಕೆ ಓಡುವ ಕುದುರೆಗಾಡಿಗಳನ್ನು ಗೆಳೆಯರೊಡನೆ ಸೇರಿ ಆರಂಭಿಸಿದನು. ನಗರ ಬಸ್ಸಿನ ಮುತ್ತಜ್ಜ ಎನ್ನಬಹುದು. ಕೂಲಿಕಾರರಿಗೂ ಸೈನಿಕರಿಗೂ ಅದರಲ್ಲಿ ಹತ್ತಲು ನ್ಯಾಯಾಲಯ ಬಿಡಲಿಲ್ಲ ಎಂಬುದು ಬೇಸರದ ಸಂಗತಿ. ಅದೇ ವರ್ಷ ಆಗಸ್ಟ್ 19ರಂದು, 39ನೇ ವಯಸ್ಸಿನಲ್ಲಿ, ಪಾಸ್ಕಲ್ ತೀರಿಕೊಂಡನು. ದ್ರವಗಳ ಬಗ್ಗೆ ಬರೆದ ಅವನ ಗ್ರಂಥ ಅಚ್ಚಾದದ್ದು ಮರುವರ್ಷ, 1663ರಲ್ಲಿ. ಆ ನಿಯಮ ಕಾರಿನ ಚಕ್ರ ಮುಟ್ಟಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಆಯಿಲ್ ಬ್ರೇಕಿಗೆ ಪೇಟೆಂಟ್ ಪಡೆದನು; 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂತು. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪಾಸ್ಕಲ್ ಎಂದೇ ಹೆಸರಿಟ್ಟರು.

ಮಾಡಿ ನೋಡಿ: ಸೂಜಿ ಇಲ್ಲದ, ಬಳಸದ ಎರಡು ಸಿರಿಂಜುಗಳನ್ನು, ಒಂದು ಸಣ್ಣದು, ಒಂದು ದೊಡ್ಡದು, ತೆಳು ಟ್ಯೂಬಿನಿಂದ ಜೋಡಿಸಿ. ಮೊದಲು ನೀರು ತುಂಬಿ, ಗುಳ್ಳೆ ಒಂದೂ ಇಲ್ಲದಂತೆ. ಸಣ್ಣದನ್ನು ಒಬ್ಬರು, ದೊಡ್ಡದನ್ನು ಇನ್ನೊಬ್ಬರು ಹೆಬ್ಬೆರಳಿನಿಂದ ಒತ್ತಿ. ಯಾರು ಗೆಲ್ಲುತ್ತಾರೆ? ಆಮೇಲೆ ಅರ್ಧ ನೀರು ತೆಗೆದು ಗಾಳಿ ಬಿಟ್ಟು, ಮತ್ತೆ ಒತ್ತಿ ನೋಡಿ.