ಸಂಕೇತಿಗಳ ನಾಚಾರಮ್ಮ

ಹಾಸನಕ್ಕೆ ಸಮೀಪದ ಕೌಶಿಕ, ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣ, ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರ - ಈ ಊರುಗಳ ಸಂಕೇತಿ ಮನೆತನಗಳ ಹಿರಿಯರು ಬೀದಿಯಲ್ಲಿ ಅಚ್ಚಗನ್ನಡವನ್ನಾಡಿ, ಹೊಸ್ತಿಲು ದಾಟಿದೊಡನೆ ಬೇರೊಂದು ನುಡಿಗೆ ಹೊರಳುತ್ತಾರೆ. ಅದು ತಮಿಳಿಗೆ ಹತ್ತಿರದ ಬಂಧು. ಮಲೆಯಾಳದ ಸೊಗಡೂ ಅದರಲ್ಲುಂಟು. ಕನ್ನಡದ ಶಬ್ದಗಳಂತೂ ಧಾರಾಳ. ಈ ನುಡಿ ಹೇಮಾವತಿ ಕಾವೇರಿಗಳ ಸೀಮೆಗೆ ಬಂದ ಬಗೆಯನ್ನು ವಿಚಾರಿಸಿದರೆ, ಎಲ್ಲರೂ ಹೇಳುವ ಹೆಸರು ನಾಚಾರಮ್ಮನದು.

ಐತಿಹ್ಯದಂತೆ ಆಕೆ ಸೆಂಗೋಟ್ಟೆಯ ಪ್ರಾಂತದವಳು. ಪಶ್ಚಿಮ ಘಟ್ಟದ ಕಣಿವೆಗೆ ತಾಗಿಕೊಂಡಿರುವ ಆ ಊರು 1956ರಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಿಂದ ಮದರಾಸಿಗೆ ಸೇರಿತು. ತಮಿಳೂ ಮಲೆಯಾಳವೂ ಅಲ್ಲಿ ನೆರೆಹೊರೆಯ ಮಾತುಗಳು. ನಾಚಾರಮ್ಮ ಶಾಸ್ತ್ರಗಳನ್ನು ಬಲ್ಲ ವಿದುಷಿ. ಹೆಣ್ಣಿನ ಪಾಂಡಿತ್ಯವನ್ನು ಸಹಿಸದ ಊರ ಪಂಡಿತರು ಆಕೆಯನ್ನು ಅಪಮಾನಗೊಳಿಸಿದರು. ಆಕೆ ಕ್ಷಮೆ ಬೇಡಲೂ ಇಲ್ಲ, ಮೌನವಾಗಿ ಮೂಲೆ ಸೇರಲೂ ಇಲ್ಲ. ಊರನ್ನು ಶಪಿಸಿ, ತನ್ನನ್ನು ನಂಬಿದ ಕುಟುಂಬಗಳೊಡನೆ ಉತ್ತರಕ್ಕೆ ಹೊರಟುಬಿಟ್ಟಳು. ಹುಟ್ಟಿದ ನೆಲವನ್ನು ಗೌರವಕ್ಕಾಗಿ ತೊರೆದ ಹೆಣ್ಣೊಬ್ಬಳ ಹಿಂದೆ ಜನ ನಡೆದು ಬಂದರೆಂಬುದೇ ಈ ಕಥೆಯ ಹಿರಿಮೆ.

ಬಂದವರಲ್ಲಿ ಒಂದು ತಂಡ ಕೌಶಿಕದಲ್ಲಿಯೂ ಮತ್ತೊಂದು ಬೆಟ್ಟದಪುರದಲ್ಲಿಯೂ ನೆಲೆಗೊಂಡಿತು. ಮೂಲವೊಂದೇ ಆದರೂ ನೀರು ಬೇರೆಯಾದಂತೆ ನುಡಿಯೂ ಕವಲೊಡೆಯಿತು. ಕೌಶಿಕ, ಬೆಟ್ಟದಪುರ, ಲಿಂಗದಹಳ್ಳಿ ಎಂಬ ಮೂರು ಬಗೆಗಳನ್ನು ಇಂದಿಗೂ ಗುರುತಿಸುತ್ತಾರೆ. ಬರೆಯಬೇಕಾದಾಗ ಕನ್ನಡ ಲಿಪಿಯೇ ಆಸರೆ. ಆಶ್ರಯವಿತ್ತ ನಾಡಿಗೆ ಈ ಜನ ವೇದಾಧ್ಯಯನವನ್ನೂ ಗಮಕವನ್ನೂ ಸಂಗೀತವನ್ನೂ ಕಾಣಿಕೆಯಾಗಿತ್ತರು. ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿ 2014ರವರೆಗೆ ಬಾಳಿದ ಆರ್. ಕೆ. ಶ್ರೀಕಂಠನ್ ಅವರ ಹೆಸರೊಂದೇ ಇದಕ್ಕೆ ಸಾಕ್ಷಿ.

ನಾಚಾರಮ್ಮನ ಕಾಲವನ್ನು ಸಾರುವ ಶಾಸನ ನಮ್ಮ ಮುಂದಿಲ್ಲ. ಆಕೆಯ ಗ್ರಂಥವೂ ಇಲ್ಲ. ಅಡಿಗೆಮನೆಯಲ್ಲಿ, ತೊಟ್ಟಿಲ ಬದಿಯಲ್ಲಿ, ತಾಯಿಯಿಂದ ಮಗಳಿಗೆ ಹರಿದು ಬಂದ ಮಾತೇ ಆಕೆಯ ಸ್ಮಾರಕ. ಶತಮಾನಗಳ ಕಾಲ ಸುತ್ತಲ ಕನ್ನಡದ ನಡುವೆ ಬಾಳಿ, ಅದರಿಂದ ಪಡೆದು, ತನ್ನತನವನ್ನು ಬಿಡದ ನುಡಿಯಿದು. ಆದರೆ ಮಕ್ಕಳು ಬೆಂಗಳೂರು ಮೈಸೂರುಗಳನ್ನು ಸೇರಿ, ಮನೆಯೊಳಗೂ ಕನ್ನಡ ಇಂಗ್ಲಿಷುಗಳೇ ನೆಲೆಸಿದಾಗ ಇದರ ಗತಿಯೇನು? ಪಂಡಿತರ ಅವಮಾನ ಆಕೆಯ ಮಾತನ್ನು ಅಡಗಿಸಲಾರದೆ ಹೋಯಿತು. ಮನೆಯವರ ಉದಾಸೀನ ಅದನ್ನು ಅಡಗಿಸದಿರಲಿ.