ಕಂಕನಾಡಿಯ ಫಾದರ್ ಮುಲ್ಲರ್: ಕುಷ್ಠರೋಗಿಗಳ ಆಸರೆ, ಎಳೆಯ ವೈದ್ಯರ ಪಾಠಶಾಲೆ

ಸಕಲೇಶಪುರ, ಆಲೂರು ಸೀಮೆಯ ಬೆಟ್ಟದ ಜನ ದೊಡ್ಡ ಕಾಯಿಲೆ ಬಿದ್ದಾಗ ಒಂದೋ ಹಾಸನದ ಕಡೆ ಮುಖ ಮಾಡುತ್ತಾರೆ, ಇಲ್ಲವೇ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತಾರೆ. ಘಾಟಿ ಇಳಿದವರು ವಿಚಾರಿಸುವ ಆಸ್ಪತ್ರೆಗಳಲ್ಲಿ ಕಂಕನಾಡಿಯದೂ ಒಂದು. ಅದರ ಹೆಸರಿನಲ್ಲಿರುವ ಫಾದರ್ ಮುಲ್ಲರ್ ಯಾರು, ಅವರು ಮೊದಲಿಗೆ ಯಾರಿಗಾಗಿ ಬಾಗಿಲು ತೆರೆದರು ಎಂಬುದು ಘಟ್ಟದ ಮೇಲಿನ ಬಹುಮಂದಿಗೆ ತಿಳಿಯದು.

ಅಗಸ್ಟಸ್ ಮುಲ್ಲರ್ ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಮೊದಲ ಜೆಸ್ವಿಟ್ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅಲ್ಲಿ ಪಾಠ ಹೇಳುವ ಕೆಲಸ ಅವರ ಪಾಲಿಗೆ ಬಂತು. ಅವರು ವೈದ್ಯ ಪದವೀಧರರಲ್ಲ. ಹೋಮಿಯೋಪಥಿಯ ತಿಳಿವಳಿಕೆ ಮಾತ್ರ ಇತ್ತು. ಅದನ್ನೇ ನೆಚ್ಚಿಕೊಂಡು ಅದೇ ವರ್ಷ ಬಡವರಿಗಾಗಿ ಔಷಧಾಲಯವೊಂದನ್ನು ತೆರೆದರು. ಆಲದ ಮರದ ನೆರಳೇ ಮೊದಲ ಆಸ್ಪತ್ರೆಯಾಗಿತ್ತೆಂದು ಮಂಗಳೂರಿಗರು ಈಗಲೂ ಹೇಳುತ್ತಾರೆ.

ಹತ್ತು ವರ್ಷಗಳ ಬಳಿಕ, 1890ರಲ್ಲಿ, ಅವರು ಇನ್ನೂ ಕಠಿಣವಾದ ಕಾರ್ಯಕ್ಕೆ ಕೈಯಿಟ್ಟರು. ಅದುವೇ ಕುಷ್ಠರೋಗಿಗಳ ಆಶ್ರಯಧಾಮ. ಆ ಕಾಲದ ಸ್ಥಿತಿಯನ್ನು ನೆನೆದರೆ ಮಾತ್ರ ಈ ಸಾಹಸದ ತೂಕ ತಿಳಿದೀತು. ಮೈಮೇಲೆ ಮಚ್ಚೆ ಮೂಡಿ, ಬೆರಳು ಸೊಟ್ಟಗಾದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಊರ ಹೊರಗಿನ ಗುಡಿಸಲು, ಸಂತೆಯ ಅಂಚಿನ ಭಿಕ್ಷೆ, ಇಷ್ಟೇ ಅವನ ಗತಿ. ಮಂಜರಾಬಾದ್ ಸೀಮೆಯ ಕಾಫಿ ಹೇರಿಕೊಂಡ ಎತ್ತಿನ ಗಾಡಿಗಳು ಘಾಟಿ ಇಳಿದು ಮಂಗಳೂರಿಗೆ ಬರುತ್ತಿದ್ದ ಕಾಲವದು. ಮೇಲೆ ಮೈಸೂರು ಸಂಸ್ಥಾನ, ಕೆಳಗೆ ಮದರಾಸು ಪ್ರಾಂತ್ಯ. ರೋಗದ ಭಯ ಮಾತ್ರ ಎರಡೂ ಕಡೆ ಒಂದೇ.

ಪ್ರಪಂಚದಲ್ಲಿಯೂ ಆಗ ಈ ರೋಗದ ಕುರಿತು ದೊಡ್ಡ ಚರ್ಚೆ ನಡೆದಿತ್ತು. ನಾರ್ವೆಯ ಬರ್ಗೆನ್ ನಗರದಲ್ಲಿ ಹಿರಿಯ ವೈದ್ಯ ಡೇನಿಯಲ್‌ಸನ್ ಅವರ ಬಳಿ ಕೆಲಸ ಕಲಿಯುತ್ತಿದ್ದ ತರುಣ ಹ್ಯಾನ್ಸನ್, 1873ರಲ್ಲಿ ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡಿದ್ದ. ಅದು ವಂಶಪಾರಂಪರ್ಯದ ರೋಗವೆಂದು ನಂಬಿದ್ದ ಗುರುವಿನ ಕೈಕೆಳಗಿದ್ದೇ ಶಿಷ್ಯ ಗುರುವಿನ ಮತಕ್ಕೆ ವಿರುದ್ಧವಾದುದನ್ನು ಸಾಧಿಸಿದ್ದ. ಸಂಶೋಧನೆಯ ತರಬೇತಿ ಎಂದರೆ ಬಹುಶಃ ಹೀಗೇ ಇರಬೇಕು. 1889ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಫಾದರ್ ಡೇಮಿಯನ್ ಕುಷ್ಠದಿಂದಲೇ ತೀರಿಕೊಂಡಾಗ ಬ್ರಿಟನ್ ಬೆಚ್ಚಿತು. 1890-91ರಲ್ಲಿ ಆಯೋಗವೊಂದು ಭಾರತವನ್ನು ಸುತ್ತಿ, ರೋಗ ಸುಲಭವಾಗಿ ಅಂಟುವಂಥದ್ದಲ್ಲ, ಬಲವಂತದ ಪ್ರತ್ಯೇಕತೆ ಬೇಕಿಲ್ಲ ಎಂಬ ಅಭಿಪ್ರಾಯಕ್ಕೆ ಬಂತು. ಆದರೆ 1897ರ ಬರ್ಲಿನ್ ಸಮ್ಮೇಳನ ಪ್ರತ್ಯೇಕತೆಯನ್ನೇ ಎತ್ತಿಹಿಡಿಯಿತು. ಮರುವರ್ಷ ಭಾರತದಲ್ಲಿ ಬಂದ ಕಾನೂನು, ಬೀದಿಯಲ್ಲಿ ಅಲೆಯುವ ಬಡ ಕುಷ್ಠರೋಗಿಯನ್ನು ಹಿಡಿದು ಆಶ್ರಯಧಾಮಕ್ಕೆ ಸೇರಿಸುವ ಅಧಿಕಾರ ನೀಡಿತು. ಅದು ರದ್ದಾದದ್ದು 2016ರಲ್ಲಿ!

ಇಂಥ ಗೊಂದಲದ ನಡುವೆ ಕಂಕನಾಡಿಯ ಪಾದ್ರಿ ರೋಗಿಗಳಿಗೆ ಸೂರು ಒದಗಿಸಿದರು. ಅವರ ಔಷಧದಿಂದ ಕುಷ್ಠ ವಾಸಿಯಾಯಿತೆಂದು ಹೇಳಲಾಗದು. ಆಗ ಜಗತ್ತಿನ ಯಾವ ಪದ್ಧತಿಯಲ್ಲಿಯೂ ಅದಕ್ಕೆ ಖಚಿತ ಮದ್ದಿರಲಿಲ್ಲ. ಪಶ್ಚಿಮ ಘಟ್ಟದ ಕಾಡಿನ ಗರುಡಫಲದ ಬೀಜದ ಎಣ್ಣೆಯಂಥವುಗಳ ಮೇಲೆಯೇ ವೈದ್ಯರು ಭರವಸೆ ಇಟ್ಟಿದ್ದರು. ಹೊತ್ತಿಗೆ ಅನ್ನ, ಮಲಗಲು ಜಾಗ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ, ಇವು ಅಂದು ಆಶ್ರಯಧಾಮವೊಂದು ಕೊಡಬಹುದಾಗಿದ್ದ ಚಿಕಿತ್ಸೆ. ಅದು ಕಡಿಮೆಯೇನಲ್ಲ.

ಮುಂದೆ ಸಾಮಾನ್ಯ ಆಸ್ಪತ್ರೆಯೂ ಬೆಳೆಯಿತು. 1902ರಲ್ಲಿ ಪ್ಲೇಗು ತಲೆಹಾಕಿದಾಗ ಅದಕ್ಕೂ ಆಸ್ಪತ್ರೆ ಸಿದ್ಧವಾಯಿತು. 1907ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕವಿತ್ತು ಗೌರವಿಸಿತು. 1910ರ ನವೆಂಬರ್ 1ರಂದು ಮುಲ್ಲರ್ ನಿಧನರಾದರು.

ಅವರ ಕಾಲದಲ್ಲಿ ಒಂದು ದೊಡ್ಡ ಕೊರತೆಯಿತ್ತು. ವರ್ಷಗಟ್ಟಲೆ ಒಂದೇ ಕಡೆ ನೆಲೆಸಿದ್ದ ರೋಗಿಗಳನ್ನು ನೋಡಿ ಕಲಿಯಲು ಅಲ್ಲಿ ವೈದ್ಯ ವಿದ್ಯಾರ್ಥಿಗಳೇ ಇರಲಿಲ್ಲ. ಮೈಸೂರು ಸಂಸ್ಥಾನಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 1924ರಲ್ಲಿ. ಕರಾವಳಿಯ ಮಣಿಪಾಲಕ್ಕೆ 1953ರಲ್ಲಿ. ಅಷ್ಟರಲ್ಲಿ ಸಲ್ಫೋನ್ ಔಷಧಗಳು ಬಂದು, ಕುಷ್ಠ ಗುಣವಾಗುವ ರೋಗವಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು.

ಕಂಕನಾಡಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1999ರಲ್ಲಿ, ಸಂಸ್ಥಾಪಕರು ತೀರಿಕೊಂಡು ಸುಮಾರು ತೊಂಬತ್ತು ವರ್ಷಗಳ ನಂತರ. ನಮ್ಮ ದೇಶದಲ್ಲಿ ಚರ್ಮರೋಗದ ಎಂ.ಡಿ. ಎಂದರೆ ಚರ್ಮ, ಲೈಂಗಿಕ ರೋಗ ಹಾಗೂ ಕುಷ್ಠ ಮೂರೂ ಸೇರಿದ ವ್ಯಾಸಂಗ. ಮಚ್ಚೆಯ ಮೇಲೆ ಹತ್ತಿಯೆಳೆ ಸೋಕಿಸಿ ಸ್ಪರ್ಶ ಪರೀಕ್ಷಿಸುವುದು, ಮೊಣಕೈ ಬಳಿಯ ನರವನ್ನು ಮುಟ್ಟಿ ದಪ್ಪ ನೋಡುವುದು, ಕಿವಿಯ ಹಾಲೆಯಿಂದ ಲೇಪ ತೆಗೆದು ಸೂಕ್ಷ್ಮದರ್ಶಕದಡಿ ಇಡುವುದು, ಇವು ಅದರ ಮೊದಲ ಪಾಠಗಳು. ಪ್ರಬಂಧ ಬರೆಯದೆ ಪದವಿಯಿಲ್ಲ. ಎಂಬಿಬಿಎಸ್ ಓದುವವರಿಗೂ ಸಂಶೋಧನೆಯ ರುಚಿ ಹತ್ತಿಸಲೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಆರಿಸಿ, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ದುಡಿದು ವರದಿ ಒಪ್ಪಿಸಬೇಕೆಂಬುದು ಅದರ ಕ್ರಮ.

2005ರ ಡಿಸೆಂಬರ್‌ನಲ್ಲಿ ಭಾರತ, ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದ ಸಾಧನೆಯನ್ನು ಮುಟ್ಟಿತು. ರೋಗ ಅಳಿಯಿತೆಂದು ಅದರ ಅರ್ಥವಲ್ಲ. ರೋಗಿಗಳು ವಿರಳವಾದಷ್ಟೂ ಗುರುತಿಸಬಲ್ಲ ಕಣ್ಣುಗಳೂ ವಿರಳವಾಗುತ್ತವೆಂಬುದು ತಜ್ಞರ ಆತಂಕ. ಹಾಸನದಲ್ಲಿಯೂ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಕಾಫಿ ತೋಟದ ಲೈನ್ ಮನೆಯ ಕೂಲಿಯಾಳಿನ ಬೆನ್ನ ಮೇಲಿನ ಮಂಕು ಮಚ್ಚೆ ನೋಯುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ಆತ ವೈದ್ಯರನ್ನು ಹುಡುಕಿಕೊಂಡು ಹೋಗುವುದೂ ಇಲ್ಲ. ಬೇರಾವುದೋ ಜ್ವರಕ್ಕೆಂದು ಬಂದಾಗ ಅಂಗಿ ಬಿಚ್ಚಿಸಿ ಬೆನ್ನು ನೋಡುವ ಎಳೆಯ ವೈದ್ಯನೊಬ್ಬ ಸಿಕ್ಕರೆ, ಆರು ಅಥವಾ ಹನ್ನೆರಡು ತಿಂಗಳ ಉಚಿತ ಮಾತ್ರೆಯಲ್ಲಿ ಬೆರಳುಗಳು ಉಳಿಯುತ್ತವೆ.