ವೇಲೂರಿನ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು

ನಮ್ಮ ಉಲ್ಲಾಳ, ಕೆಂಗೇರಿಗಳ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ರೈಲಿನಲ್ಲಿ ಹೊರಟು, ಕಾಟ್ಪಾಡಿಯಲ್ಲಿಳಿದು ವೇಲೂರಿನ ಆಸ್ಪತ್ರೆಯನ್ನು ಸೇರಿದವರು ಉಂಟು. ಆ ಆಸ್ಪತ್ರೆಯನ್ನು ಸ್ಥಾಪಿಸಿದ ಮಹಾತಾಯಿಯ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ. ಮಗಳನ್ನು ಆಸ್ಪತ್ರೆಯ ಕೆಲಸಕ್ಕೆ ಕಳುಹಬಹುದೋ ಬಾರದೋ ಎಂದು ಯೋಚಿಸುವ ತಂದೆತಾಯಿಗಳು ಇದನ್ನು ವಿಶೇಷವಾಗಿ ಓದಬೇಕು.

ಐಡಾ ಅಮ್ಮನವರು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ, ಅಮೆರಿಕದ ಮಿಶನರಿ ವೈದ್ಯರ ಮನೆತನದಲ್ಲಿ ಜನಿಸಿದರು. ತಾವೂ ಮಿಶನರಿಯಾಗಬೇಕೆಂಬ ಇಚ್ಛೆ ಅವರಿಗೆ ಇರಲಿಲ್ಲ. ತಾಯಿಯ ಅಸ್ವಸ್ಥತೆಯ ನಿಮಿತ್ತ ತಿಂಡಿವನಕ್ಕೆ ಬಂದಿದ್ದಾಗ, ಒಂದೇ ರಾತ್ರಿ ಮೂರು ಮನೆಗಳ ಗಂಡಸರು ಹೆರಿಗೆಯ ಬೇನೆಯಲ್ಲಿದ್ದ ತಮ್ಮ ಪತ್ನಿಯರಿಗೆ ಸಹಾಯ ಮಾಡಬೇಕೆಂದು ಅವರನ್ನು ಕರೆಯಬಂದರು. ವೈದ್ಯರಾದ ತಂದೆಯನ್ನು ಒಳಗೆ ಬಿಡಲು ಮಾತ್ರ ಯಾರೂ ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ಮೃತರಾಗಿದ್ದರು. ಈ ಸಂಗತಿಯನ್ನು ಎಲ್ಲರೂ ಹೇಳುವುದುಂಟು. ಆದರೆ ಅದರ ನಂತರದ ಕಥೆಯೇ ನಮಗೆ ಹೆಚ್ಚಿನದಾಗಿ ಕಾಣುತ್ತದೆ.

1899ರಲ್ಲಿ ಕಾರ್ನೆಲ್ ವೈದ್ಯ ಕಾಲೇಜಿನಲ್ಲಿ ತೇರ್ಗಡೆಯಾಗಿ, ಮರುವರುಷವೇ ವೇಲೂರಿಗೆ ಬಂದರು. ತಂದೆಯವರು ಅದೇ ವರುಷ ತೀರಿಕೊಂಡರು. ಮನೆಯ ಒಂದು ಕೋಣೆಯೇ ಮೊದಲ ಚಿಕಿತ್ಸಾಲಯ. ಮನೆಗೆಲಸದ ಸಲೋಮಿಯೇ ಮೊದಲ ಸಹಾಯಕಿ. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಆದರೆ ಕಟ್ಟಡವೆದ್ದ ಮಾತ್ರಕ್ಕೆ ಆಸ್ಪತ್ರೆಯಾಗುವುದಿಲ್ಲವಷ್ಟೆ. ಹುಣ್ಣು ತೊಳೆಯುವುದೂ ಮಲಮೂತ್ರ ತೆಗೆಯುವುದೂ ಕುಲಸ್ತ್ರೀಯರಿಗೆ ತಕ್ಕುದಲ್ಲವೆಂದು ಜನರು ಎಣಿಸುತ್ತಿದ್ದ ಕಾಲವದು. ವೈದ್ಯರು ಹಗಲಿನಲ್ಲಿ ಎಷ್ಟು ಜಾಣತನದಿಂದ ಶಸ್ತ್ರಕ್ರಿಯೆ ಮಾಡಿದರೂ, ರಾತ್ರಿ ರೋಗಿಯ ಬಳಿ ಕುಳಿತವಳು ಬಲ್ಲವಳಾಗಿರದಿದ್ದರೆ ಅದೆಲ್ಲವೂ ವ್ಯರ್ಥ. ಅವಳು ಕಂಡುದನ್ನು ಅಂಜದೆ ವೈದ್ಯರಿಗೆ ತಿಳಿಸುವಂತಿರದಿದ್ದರೂ ವ್ಯರ್ಥವೇ. ಐಡಾ ಅಮ್ಮನವರು ಸ್ತ್ರೀಯರ ವೈದ್ಯಶಾಲೆಗಿಂತ ಮುಂಚೆ, 1909ರಲ್ಲಿಯೇ, ದಾದಿಯರ ಶಾಲೆಯನ್ನು ತೆರೆದುದು ನಮ್ಮ ಅಭಿಪ್ರಾಯದಲ್ಲಿ ಅವರ ವಿವೇಕಕ್ಕೆ ಸಾಕ್ಷಿ. ಮುಂದೆ 1946ರಲ್ಲಿ ಅಲ್ಲಿಯೇ ದಾದಿಯರಿಗೆ ವಿಶ್ವವಿದ್ಯಾನಿಲಯದ ಪದವಿಯ ಶಿಕ್ಷಣ ಮೊದಲಾಯಿತು. ಗುಡಿಯಾತ್ತಂ ರಸ್ತೆಯ ಮರಗಳ ನೆರಳಿನಲ್ಲಿ ನಡೆಯುತ್ತಿದ್ದ ಚಿಕಿತ್ಸೆಗೂ ವೈದ್ಯೆ, ದಾದಿ, ವಿದ್ಯಾರ್ಥಿನಿಯರು ಒಂದೇ ಬಂಡಿಯಲ್ಲಿ ಹೋಗುತ್ತಿದ್ದರು.

1918ರಲ್ಲಿ ವೈದ್ಯಶಾಲೆ ಆರಂಭವಾಯಿತು. ಮೂವರು ಹುಡುಗಿಯರು ಬಂದರೂ ಭಾಗ್ಯವೆಂದು ಸರಕಾರದ ವೈದ್ಯಾಧಿಕಾರಿಗಳು ಹೇಳಿದ್ದರು. ಬಂದ ಅರ್ಜಿಗಳು ನೂರೈವತ್ತಕ್ಕೂ ಹೆಚ್ಚು. ಮೊದಲ ವರುಷದ ಪರೀಕ್ಷೆಗೆ ಕುಳಿತ 14 ಮಂದಿಯೂ ಉತ್ತೀರ್ಣರಾದರು.

ಕಠಿಣವಾದ ಪರೀಕ್ಷೆ ಸ್ವತಃ ಐಡಾ ಅಮ್ಮನವರಿಗೇ ವೃದ್ಧಾಪ್ಯದಲ್ಲಿ ಬಂದಿತು. ಪದವಿಯ ಮಟ್ಟಕ್ಕೆ ಶಾಲೆಯನ್ನು ಏರಿಸದಿದ್ದರೆ ಮುಚ್ಚಬೇಕಾಗುವುದೆಂದು ಮದರಾಸಿನ ಸರಕಾರದ ಹೊಸ ನಿಯಮಗಳಿಂದ ಸ್ಪಷ್ಟವಾಯಿತು. ಎಪ್ಪತ್ತು ದಾಟಿದ ಮೇಲೆ ಅವರು ಅಮೆರಿಕದಲ್ಲಿ ಊರೂರು ಸುತ್ತಿ ಹಣ ಕೂಡಿಸಿದರು. ಪುರುಷರನ್ನೂ ಸೇರಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಸ್ತ್ರೀಯರಿಗೆಂದೇ ಹಣವಿತ್ತ ಹಳೆಯ ಗೆಳತಿಯರಲ್ಲಿ ಕೆಲವರು ಇದನ್ನು ವಿಶ್ವಾಸಭಂಗವೆಂದೇ ಭಾವಿಸಿ ದೂರ ಸರಿದರು. ಅವರ ನೋವು ನ್ಯಾಯವಾದುದೇ ಎಂದು ಹೆಣ್ಣುಮಕ್ಕಳ ಶಾಲೆಯವರಾದ ನಾವು ಒಪ್ಪುತ್ತೇವೆ; ಆದರೂ ಶಾಲೆ ಮುಚ್ಚಿದ್ದರೆ ಹುಡುಗಿಯರಿಗೂ ಬಾಗಿಲು ಮುಚ್ಚುತ್ತಿತ್ತು. 1947ರಲ್ಲಿ ಪುರುಷ ವಿದ್ಯಾರ್ಥಿಗಳು ಬಂದರು.

ಆ ವೇಳೆಗೆ ಐಡಾ ಅಮ್ಮನವರು ಆಡಳಿತವನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟಿದ್ದರು. 1960ರ ಮೇ ತಿಂಗಳಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಕೊಡೈಕೆನಾಲಿನ ಮನೆಯಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.